ಜಾಣೆ ಅನ್ನಬೇಡಿ

ಜೂನ್ 14

ಮಗಳೇ,

ಮೊದಲು ಎಲ್ಲಾದರೂ ಕೂತುಕೋ. ಆ ಸುರಂಗದ ಬಾಯಲ್ಲಿ ನಿಂತು ಓದುವ ಕಾಗದವಲ್ಲ ಇದು. ಯಾರಿಗೂ ಏನೂ ಆಗಿಲ್ಲ. ಅಂದರೆ ನಮ್ಮ ಕಡೆಯವರಿಗೆ ಆಗಿಲ್ಲ. ಆಗಿರುವುದು ಎದುರು ಪಾರ್ಟಿಗೆ.

ನಿನ್ನ ಮಗಳು ನಿನ್ನೆ ಶಾಲೆಯಲ್ಲಿ ಪಕ್ಕದ ಹುಡುಗಿಯನ್ನು ಕಚ್ಚಿದ್ದಾಳೆ. ಹೌದು, ನಮ್ಮ ಚೂಟಿಯೇ. ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಮುಚ್ಚಳವಿರುವ ಬಕೆಟ್ಟಿನ ಮಹಿಮೆ ವಿವರಿಸುತ್ತಿದ್ದೆ, ಮುಖ್ಯೋಪಾಧ್ಯಾಯಿನಿಯಿಂದ ಫೋನು ಬಂತು. ಮಹಿಮೆ ಅಲ್ಲಿಗೇ ನಿಂತಿತು. ಓಡಿದೆ.

"ಯಜಮಾನ್ರೇ, ನಿಮ್ಮ ಮೊಮ್ಮಗಳು ಕಚ್ಚಿದಾಳೆ" ಅಂದರು.

"ಇರಲಿಕ್ಕಿಲ್ಲ ಮೇಡಂ. ನಮ್ಮ ಮಗು ದಾರೀಲಿ ಇರುವೆ ಸಾಲು ಕಂಡ್ರೆ ಸುತ್ತು ಹಾಕ್ಕೊಂಡು ಹೋಗುತ್ತೆ" ಅಂದೆ ನಾನು, ಮಾಲಿನ ಮೇಲೆ ಭರವಸೆ ಇರುವ ವ್ಯಾಪಾರಿಯ ಧಾಟಿಯಲ್ಲಿ.

ಅವರು ಆ ಹುಡುಗಿಯನ್ನು ಕರೆಸಿ ತೋಳು ತೋರಿಸಿದರು. ನಾನು ಪ್ಲಾಸ್ಟಿಕ್ ಸಾಮಾನಿನವನು. ಅಚ್ಚು ನೋಡಿದರೆ ಯಾವ ಕಾರ್ಖಾನೆಯದು ಅಂತ ಹೇಳಬಲ್ಲೆ. ಹಲ್ಲಿನ ಸಾಲಿನ ನಡುವೆ, ಚೂಟಿಯ ಹಾಲುಹಲ್ಲು ಬಿದ್ದ ಕಡೆ ಸರಿಯಾಗಿ, ಒಂದು ಹಲ್ಲಿನ ಜಾಗ ಖಾಲಿ. ನಮ್ಮದೇ ಮಾಲು.

ಶಾಲೆ ತೆರೆದಾಗಿನಿಂದ ಇದೇ ನಡೆಯುತ್ತಿದೆಯಂತೆ. ಬಳಪ ಎಸೆಯುವುದು, ಬೇರೆಯವರ ಚಿತ್ರ ಹರಿಯುವುದು, ಸಾಲಿನಲ್ಲಿ ಮುಂದಿರುವವರನ್ನು ತಳ್ಳುವುದು. ಟೀಚರಮ್ಮ ಪಾಪ ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಅಂತ ಸುಮ್ಮನಿದ್ದರಂತೆ. ಈಗ ಮಕ್ಕಳ ಮನಸ್ಸಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಅಂತ ಚೀಟಿ ಬರೆದುಕೊಟ್ಟಿದ್ದಾರೆ. ಆರು ವರ್ಷದ ಮಗುವಿಗೆ ಮನಸ್ಸಿನ ಡಾಕ್ಟರು! ನಮ್ಮ ಕಾಲದಲ್ಲಿ ಆ ವಯಸ್ಸಿಗೆ ಮನಸ್ಸು ಇದೆ ಅಂತಲೇ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಮನೆಗೆ ಬರುವಾಗ ಕೇಳಿದೆ, "ಯಾಕೆ ಕಚ್ಚಿದೆ ಪುಟ್ಟಾ?"

"ಹಂಗೇ" ಅಂದಳು.

ಆ ಬೆಟ್ಟದಲ್ಲಿ ಫೋನು ಸಿಗುವುದಿಲ್ಲ, ನಿಮ್ಮ ಸಾಮಾನು ಲಾರಿಯೇ ಗತಿ. ಅದರ ಡ್ರೈವರನ ಕೈಗೇ ಇದನ್ನು ಕೊಡುತ್ತಿದ್ದೇನೆ. ಹೆದರಬೇಡ. ನಾನು ಹೆದರಿದ್ದೇನಲ್ಲ, ಮನೆಗೊಬ್ಬರು ಸಾಕು.

ನಿನ್ನ
ಅಪ್ಪ


ಜೂನ್ 27

ಅಪ್ಪಾ,

ನೀನು ಕೂತುಕೋ ಅಂದಿದ್ದೆ, ನಾನು ನಿಂತೇ ಓದಿದೆ. ಆಮೇಲೆ ಕೂತೆ.

ನಂಬಲಾಗುತ್ತಿಲ್ಲ. ನಾನು ಹೊರಟ ದಿನ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಸ್ಸಿಗೆ ಕೈ ಬೀಸಿದಳು. ಪಕ್ಕದ ಮನೆ ಅತ್ತೆ, ಓಣಿಯವರು, ಕಂಡಕ್ಟರು ಸಹ ಮೆಚ್ಚಿಕೊಂಡರು. ಅಪ್ಪನ ಮುಖವನ್ನೇ ನೋಡದೆ ಬೆಳೆದ ಮಗು ಇಷ್ಟು ಗಟ್ಟಿ ಇದೆಯಲ್ಲ ಅಂತ ನಾನು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡೆ. ನೀನು ಬರೆದಿರುವ ಹುಡುಗಿ ಯಾರು? ನನಗೆ ಗುರುತೇ ಸಿಗುತ್ತಿಲ್ಲ.

ಇಲ್ಲಿ ನನ್ನ ಕೆಲಸ ಗೊತ್ತಲ್ಲ, ಬೆಟ್ಟದ ಆ ಕಡೆಯಿಂದಲೂ ಈ ಕಡೆಯಿಂದಲೂ ಕೊರೆಯುತ್ತಾರೆ, ಎರಡೂ ಒಳಗೆ ಒಂದೇ ಕಡೆ ಸೇರುವ ಹಾಗೆ ಅಳತೆ ಕೊಡಬೇಕು. ಇಡೀ ದಿನ ಕಲ್ಲಿನೊಳಗೆ ಏನಿದೆ ಅಂತ ಹೇಳುತ್ತೇನೆ. ಹೆತ್ತ ಮಗುವಿನೊಳಗೆ ಏನಿದೆ ಅಂತ ತಿಳಿಯಲಿಲ್ಲ.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಮಾತ್ರೆ ಕೊಟ್ಟರೆ ನನ್ನನ್ನು ಕೇಳದೆ ಕೊಡಬೇಡ. ಅವಳಿಗೆ ಹೊಡೆಯಬೇಡ.

ಮಗಳು


ಜುಲೈ 11

ಮಗಳೇ,

ಹೊಡೆಯಬೇಡ ಅಂತ ನನಗೆ ಹೇಳುತ್ತೀಯಲ್ಲ! ನಿನಗೆ ಎಂದಾದರೂ ಹೊಡೆದಿದ್ದೆನೇ? ಬೈದಿದ್ದೇನೆ, ಅದು ಬೇರೆ ಖಾತೆ.

ಹೋಗಿದ್ದೆವು. ಮಾತ್ರೆ ಇಲ್ಲ, ಸೂಜಿ ಇಲ್ಲ, ನಾಲಿಗೆ ಚಾಚು ಅನ್ನಲಿಲ್ಲ. ಡಾಕ್ಟರು ಅಂದುಕೊಂಡು ಹೋದರೆ ಮಕ್ಕಳ ಥೆರಪಿಸ್ಟ್ ಅಂತೆ, ನಿನ್ನ ವಯಸ್ಸಿನವರು. ಗೋಡೆಗೆ ಸೂರ್ಯ, ಆನೆ. ನೆಲದ ಮೇಲೆ ಚಾಪೆ, ಗೊಂಬೆ, ಬಣ್ಣದ ಪೆನ್ಸಿಲ್ಲು. ನನ್ನ ಮೊಣಕಾಲಿಗೆ ಚಾಪೆ ಒಗ್ಗುವುದಿಲ್ಲ ಅಂದೆ. ಒಂದು ಪ್ಲಾಸ್ಟಿಕ್ ಸ್ಟೂಲು ಕೊಟ್ಟರು. ಕಳಪೆ ಮಾಲು, ಕಾಲು ಬಾಗಿತ್ತು. ಬಾಯಿ ಬಿಗಿಹಿಡಿದು ಕೂತೆ.

ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಹೆಸರು ಹೇಳಿ ಮುಗಿಸುವುದರೊಳಗೆ ಮಗು ದೊಡ್ಡದಾಗಿ ತಾನೇ ಸರಿಹೋಗುತ್ತೆ ಅಂದೆ. ನಕ್ಕರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಹೇಳಿದರು: ಕೈ ಮಾಡುವ ಕೆಲಸಕ್ಕೂ ಮನಸ್ಸಿಗೆ ಆಗುವ ಸಂಕಟಕ್ಕೂ ಮುಂಚೆ ತಲೆಯಲ್ಲಿ ಒಂದು ಯೋಚನೆ ಹಾದುಹೋಗುತ್ತೆ. ಅದು ಯಾವುದು ಅಂತ ಹಿಡಿಯಬೇಕು. ನಿಜವೋ ಸುಳ್ಳೋ ಅಂತ ಮಗುವಿನ ಜೊತೆಗೇ ಕೂತು ಪರೀಕ್ಷೆ ಮಾಡಬೇಕು. ಸಣ್ಣ ಮಕ್ಕಳಿಗೆ ಮಾತು ಬರಲ್ಲ, ಅದಕ್ಕೇ ಚಿತ್ರ, ಆಟ.

ಕಾಗದದ ಮೇಲೆ ಒಂದು ಥರ್ಮಾಮೀಟರ್ ಬರೆದರು. ಕೆಳಗೆ ನೀಲಿ, ಮೇಲೆ ಕೆಂಪು. ಸಿಟ್ಟು ಎಲ್ಲಿಯವರೆಗೆ ಏರಿದೆ ಅಂತ ಚೂಟಿ ಬೆರಳಿಟ್ಟು ತೋರಿಸಬೇಕು. ನೀಲಿಯಲ್ಲಿದ್ದಾಗಲೇ ಆಮೆಯ ಹಾಗೆ ಕೈಕಾಲು ಒಳಗೆ ಎಳೆದುಕೊಂಡು ಉಸಿರು ಬಿಡಬೇಕು. ಚೂಟಿಗೆ ಆಮೆ ಹಿಡಿಸಿತು. ಮನೆಯಲ್ಲಿ ಮೇಜಿನ ಕೆಳಗೆ ಆಮೆಯಾಗಿ ಕೂತು ನನ್ನನ್ನೂ ಆಮೆಯಾಗು ಅನ್ನುತ್ತಾಳೆ. ನಾನು ಆಮೆಯಾದರೆ ಎಬ್ಬಿಸಲು ನಾಲ್ಕು ಜನ ಬೇಕು.

ಈಗ ನಿಜವಾದ ಆಶ್ಚರ್ಯ ಕೇಳು. ಮನೆಗೆಲಸ ಕೊಟ್ಟಿದ್ದು ಮಗುವಿಗಲ್ಲ, ನನಗೆ! ಸಣ್ಣ ತಂಟೆ ಕಂಡರೂ ಕಾಣದ ಹಾಗಿರಬೇಕು. ಒಳ್ಳೆಯದು ಮಾಡಿದರೆ ಆ ಕ್ಷಣವೇ ಮೆಚ್ಚಿ ಹೇಳಬೇಕು. "ಮಗುವನ್ನಲ್ಲ, ಮಾಡಿದ ಕೆಲಸವನ್ನ ಹೆಸರಿಟ್ಟು ಹೊಗಳಿ" ಅಂದರು.

"ಮೇಡಂ, ನಾನು ಸೈಕಲ್ ಮೇಲೆ ಮಗ್ಗು ಮಾರಿ ಅಂಗಡಿ ಕಟ್ಟಿದವನು. ತೂತು ಬಿದ್ದ ಬಕೆಟ್ಟನ್ನೂ ಗಿಡ ನೆಡೋಕೆ ಅಂತ ಹೊಗಳಿ ಮಾರಿದೀನಿ. ಹೊಗಳಿಕೆ ನನಗೆ ಹೇಳಿಕೊಡ್ತೀರಾ?" ಅಂದೆ.

ನೋಡುತ್ತಿರು. ಎರಡು ವಾರದಲ್ಲಿ ಸರಕು ಸರಿಮಾಡಿ ಕೊಡುತ್ತೇನೆ.

ಅಪ್ಪ


ಆಗಸ್ಟ್ 2

ಮಗಳೇ,

ನಿನಗೆ ಸುಳ್ಳು ಬರೆದು ಅಭ್ಯಾಸವಿಲ್ಲ. ಎಲ್ಲ ತಲೆಕೆಳಗಾಗಿದೆ.

ನಾನು ಹೊಗಳಿದಷ್ಟೂ ಮಗು ಕೆಟ್ಟು ಕೂರುತ್ತಿದೆ. ಉತ್ಪ್ರೇಕ್ಷೆ ಅಲ್ಲ. ಬೆಳಿಗ್ಗೆ ತಾನೇ ಹಾಸಿಗೆ ಮಡಚಿದಳು. "ಆಹಾ, ನಮ್ಮ ಚೂಟಿಯಂಥ ಜಾಣೆ ಈ ಊರಲ್ಲೇ ಇಲ್ಲ" ಅಂದೆ. ನನ್ನ ಮುಖವನ್ನೇ ಒಂದು ಸಲ ನೋಡಿ, ಹೋಗಿ ಹಾಸಿಗೆಯ ಮೇಲೆ ಕುಡಿಯುವ ನೀರು ಸುರಿದಳು. ಹಾಲು ಕುಡಿದು ಲೋಟ ತೊಳೆದಿಟ್ಟಳು, ಹೊಗಳಿದೆ, ಲೋಟ ಕಿಟಕಿಯಿಂದ ಹೊರಗೆ ಹೋಯಿತು.

ಶನಿವಾರದ್ದು ಕೇಳು. ಅಂಗಡಿಗೆ ಹೊಸ ಮಗ್ಗು ಬಂದಿದ್ದವು. ಚೂಟಿ ಕೂತು ಬಣ್ಣ ಬಣ್ಣವಾಗಿ ಜೋಡಿಸಿದಳು ನೋಡು, ಕೆಂಪು, ಹಳದಿ, ಹಸಿರು, ಅವಳ ತಲೆಗಿಂತ ಎತ್ತರ. ನನಗೇ ಅಷ್ಟು ಚೊಕ್ಕ ಬರಲ್ಲ. ಗಿರಾಕಿ ಹೆಂಗಸು ನಿಂತು ನೋಡಿ, "ಅಯ್ಯೋ ಎಷ್ಟು ಜಾಣೆ! ತಾತ ಇನ್ನು ಅಂಗಡಿ ಇವಳ ಕೈಗೆ ಕೊಟ್ಟು ಆರಾಮಾಗಿ ಊರು ಸುತ್ತಬಹುದು" ಅಂದರು. ನಾನೂ ನಾಲಿಗೆ ಸೇರಿಸಿದೆ, "ಹೂಂ ಮತ್ತೆ, ಇವಳಿರುವಾಗ ನಂಗೇನು ಚಿಂತೆ!"

ಮಗುವಿನ ಮುಖ ಸುಣ್ಣವಾಯಿತು. ಒಂದೇ ಒದೆತ. ಮಗ್ಗಿನ ಗೋಪುರ ಬೀದಿಗೆ ಬಿತ್ತು. ಅವು ಉರುಳುತ್ತಾ ರಸ್ತೆಯ ನಡುವಿಗೆ ಹೋದವು, ಬಸ್ಸೊಂದು ಅವುಗಳ ಮೇಲೆಯೇ ಹೋಯಿತು. ಗಿರಾಕಿ "ಅಮ್ಮಾ!" ಅಂತ ಬಾಗಿಲಿಗೆ ಅಂಟಿಕೊಂಡರು. ನಾನು ಬಾಯಿ ತೆರೆದವನು ಮುಚ್ಚುವುದನ್ನು ಮರೆತೆ. ಅಷ್ಟು ಮಾಡಿ ಚೂಟಿ ಬಂದು ನನ್ನ ಅಂಗಿಯ ತುದಿ ಮುಷ್ಟಿಯಲ್ಲಿ ಹಿಡಿದು ಕೂತಳು. ಸಂಜೆಯವರೆಗೆ ಬಿಡಲಿಲ್ಲ. ನಾನು ಸಿಡುಕಿ ಎಲ್ಲಾದರೂ ಹೋಗೋಣವೆಂದರೆ ಚಪ್ಪಲಿಯೂ ಇಲ್ಲ. ಈಚೆಗೆ ದಿನಾ ಅದನ್ನು ಯಾವುದಾದರೂ ಬಕೆಟ್ಟಿನಲ್ಲಿ ಬಚ್ಚಿಡುತ್ತಾಳೆ. ಮೊನ್ನೆ ಮಾರಿದ ಬಕೆಟ್ಟಿನಲ್ಲಿ ಒಂದು ಚಪ್ಪಲಿ ಹೊರಟೇ ಹೋಗಿತ್ತು, ಗಿರಾಕಿ ವಾಪಸ್ಸು ತಂದುಕೊಟ್ಟರು.

ಶಾಲೆಯಲ್ಲಿ ಮತ್ತೆ ಕಚ್ಚಿದಳು. ಅವತ್ತು ಟೀಚರಮ್ಮ ಎಲ್ಲರೆದುರು ಚಪ್ಪಾಳೆ ಹೊಡೆಸಿದ್ದರಂತೆ, ಸಾಲಿನಲ್ಲಿ ಸರಿಯಾಗಿ ನಿಂತಿದ್ದಕ್ಕೆ. ಮುಖ್ಯೋಪಾಧ್ಯಾಯಿನಿ ನಯವಾಗಿಯೇ ಹೇಳಿದರು: ಮುಂದಿನ ತಿಂಗಳ ಕೊನೆಯೊಳಗೆ ಕಚ್ಚುವುದು ನಿಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳಬೇಕು. ನಯವಾಗಿ ಹೇಳಿದ್ದು ಇನ್ನೂ ಆಳಕ್ಕೆ ಇಳಿಯಿತು.

ಅಪ್ಪ


ಆಗಸ್ಟ್ 8

ಅಪ್ಪಾ,

ರಜೆಗೆ ಬರೆದುಕೊಟ್ಟಿದ್ದೇನೆ. ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಮುಂದಿನ ಲಾರಿಯಲ್ಲಿ ನಾನೇ ಬರುತ್ತೇನೆ. ಅವಳಿಗೆ ಹೇಳು, ಕಚ್ಚಿದ್ದಕ್ಕೇ ಅಮ್ಮ ಬರುತ್ತಿದ್ದಾಳೆ ಅಂತ. ಸ್ವಲ್ಪ ಹೆದರಲಿ.

ಮಗಳು


ಆಗಸ್ಟ್ 19

ಮಗಳೇ,

ಬರಬೇಡ. ಲಾರಿ ಹತ್ತಬೇಡ. ಹತ್ತಿದ್ದರೆ ಇಳಿ. ನೀನು ಹೇಳು ಅಂದದ್ದನ್ನು ನಾನು ಚೂಟಿಗೆ ಹೇಳಿಲ್ಲ. ಹೇಳದೆ ಉಳಿದದ್ದು ನಮ್ಮ ಪುಣ್ಯ.

ನಿನ್ನೆ ಥೆರಪಿಸ್ಟ್ ಮೇಡಂ ಕಾಗದದ ಮೇಲೆ ಚೌಕದ ಮನೆಗಳನ್ನು ಹಾಕಿ, ಮಗ್ಗಿನ ಪ್ರಸಂಗವನ್ನು ಚೂಟಿಯ ಕೈಲಿ ಚಿತ್ರ ಮಾಡಿಸಿದರು. ಒಂದು ಮನೆಯಲ್ಲಿ ಮಗ್ಗಿನ ಗೋಪುರ. ಮುಂದಿನ ಮನೆಯಲ್ಲಿ ಹೊಟ್ಟೆ ದಪ್ಪದ ತಾತ, ಗಿರಾಕಿ ಹೆಂಗಸು. ಅದರ ಮುಂದೆ ಕಾಲೆತ್ತಿದ ಚೂಟಿ. ಹೊಟ್ಟೆ ಅಷ್ಟಿಲ್ಲ ಅಂತ ನಾನು ತಕರಾರು ಎತ್ತಿದೆ, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲೆತ್ತಿದ ಚೂಟಿಯ ತಲೆಯ ಮೇಲೆ ಮೇಡಂ ಖಾಲಿ ಮೋಡ ಒಂದನ್ನು ಬರೆದರು.

"ಒದೆಯೋ ಮುಂಚೆ ಈ ಮೋಡದೊಳಗೆ ಏನು ಬಂತು?"

ಚೂಟಿ ಬಹಳ ಹೊತ್ತು ಪೆನ್ಸಿಲು ಕಡಿದಳು. ಆಮೇಲೆ ಮೋಡದೊಳಗೆ ಒಂದು ಬಸ್ಸು ಬರೆದಳು. ಮಗ್ಗಿನ ಮೇಲೆ ಹೋದ ಬಸ್ಸು ಇರಬೇಕು ಅಂದುಕೊಂಡೆ ನಾನು, ದಡ್ಡ.

"ಬಸ್ಸಲ್ಲಿ ಯಾರಿದಾರೆ?"

"ತಾತ."

"ತಾತ ಎಲ್ಲಿಗೆ ಹೋಗ್ತಿದಾರೆ?"

"ನಂಗೇನ್ ಗೊತ್ತು! ನಾನು ಜಾಣೆ ಆದ್ನಲ್ಲ. ಇನ್ ಹೋಗ್ಬಹುದು."

ಮೇಡಂ ಸ್ವರ ಬದಲಿಸಲಿಲ್ಲ. "ಜಾಣೆ ಆದ್ರೆ ಹೋಗ್ತಾರಾ?"

"ಹೂಂ. ಅಮ್ಮ ಹೋಗುವಾಗ ಎಲ್ರೂ ಹೇಳಿದ್ರು. ಚೂಟಿ ಜಾಣೆ, ಅದಕ್ಕೇ ಅಮ್ಮ ಧೈರ್ಯವಾಗಿ ಹೋಗ್ತಾಳೆ ಅಂತ. ತಾತಾನೂ ಹೇಳ್ತಾನೆ, ಇವಳಿರುವಾಗ ನಂಗೇನು ಚಿಂತೆ ಅಂತ." ನನ್ನ ಕಡೆ ತಿರುಗಿದಳು. "ಅದಕ್ಕೇ ಚಪ್ಪಲಿ ಎತ್ತಿಟ್ಟಿರೋದು."

ಮಗಳೇ, ಆ ಬಾಗಿದ ಕಾಲಿನ ಸ್ಟೂಲಿನಿಂದ ನಾನು ಕೆಳಗೆ ಬೀಳದಿದ್ದದ್ದೇ ಹೆಚ್ಚು. ಇಷ್ಟು ದಿನ ಮಗುವಿನ ಮುಂದೆ ಸಿಹಿ ಹಂಚುತ್ತಿದ್ದೇನೆ ಅಂದುಕೊಂಡಿದ್ದೆ. ಅವಳಿಗೆ ಪ್ರತಿ ಸಲವೂ ಕೇಳಿಸುತ್ತಿದ್ದದ್ದು ಹಾರ್ನು. ಬಸ್ಸು ಹೊರಡುವ ಹಾರ್ನು.

ಮೇಡಂ ಆಮೇಲೆ ನನ್ನನ್ನು ಒಬ್ಬನನ್ನೇ ಕೂರಿಸಿ ಹೇಳಿದರು. ಕೆಲಸವನ್ನು ಹೊಗಳಿ ಅಂದರೆ ನಾನು ಮಗುವಿಗೇ ಚೀಟಿ ಅಂಟಿಸಿದೆನಂತೆ, "ಜಾಣೆ" ಅಂತ. ಇನ್ನು ಆ ಮಾತು ಮನೆಯಲ್ಲಿ ಬಂದ್. "ಮಗ್ಗು ಬಣ್ಣ ನೋಡಿ ಜೋಡಿಸಿದೀಯ" ಅಷ್ಟೇ ಅನ್ನಬೇಕು, ಹಿಂದೆಯೇ "ನಾನು ಇಲ್ಲೇ ಇರ್ತೀನಿ" ಅನ್ನಬೇಕು. ಅವಳ ಯೋಚನೆ ನಿಜವೋ ಅಂತ ಅವಳೇ ಪತ್ತೇದಾರಿ ಮಾಡಿ ನೋಡಲಿ: ಒಂದು ದಿನ ಕಚ್ಚದೆ, ಒದೆಯದೆ ಇದ್ದರೆ ಸಂಜೆಗೆ ತಾತ ಇರುತ್ತಾನೋ ಇಲ್ಲವೋ.

ನೀನು ಮಾತ್ರ ಈಗ ಬರಬಾರದು. ಕಚ್ಚಿದ್ದಕ್ಕೆ ಅಮ್ಮ ಬಂದಳು ಅಂದರೆ ಅವಳ ಲೆಕ್ಕ ಪಕ್ಕಾ ಆಗುತ್ತೆ: ಕೆಟ್ಟವಳಾದರೆ ಬರುತ್ತಾರೆ, ಒಳ್ಳೆಯವಳಾದರೆ ಹೋಗುತ್ತಾರೆ. ಆ ಲೆಕ್ಕ ಒಂದು ಸಲ ಗಟ್ಟಿಯಾದರೆ ಅಳಿಸುವುದು ಕಷ್ಟ ಅಂದರು. ನಂಗೆ ಲೆಕ್ಕ ಗೊತ್ತು. ಅವರು ಹೇಳುವುದು ಸರಿ.

ಅಪ್ಪ


ಆಗಸ್ಟ್ 30

ಅಪ್ಪಾ,

ಲಾರಿ ಹತ್ತಲಿಲ್ಲ. ಚೀಲ ಮಾತ್ರ ಕಟ್ಟಿಯೇ ಇದೆ, ಬಿಚ್ಚಲು ಕೈ ಬರುತ್ತಿಲ್ಲ.

ನಿನ್ನ ಕಾಗದ ಓದಿದ ಮೇಲೆ ಕೆಲಸದಲ್ಲಿ ಅಳತೆ ತಪ್ಪಿದೆ. ಜೊತೆಗಾರ ಹಿಡಿದು ಸರಿಮಾಡಿದ. "ಏನಾಯ್ತಕ್ಕಾ?" ಅಂದ. ನಿದ್ದೆಯಿಲ್ಲ ಅಂದೆ. ನಿಜವೋ ಸುಳ್ಳೋ ಪರೀಕ್ಷೆ ಮಾಡೋಣ ಅಂದರಂತಲ್ಲ ಮೇಡಂ. ಅವರಿಗೆ ಒಂದು ಮಾತು ತಿಳಿಸಿಬಿಡು. ಪರೀಕ್ಷೆ ಮಾಡಿದರೆ ಗೆಲ್ಲುವುದು ಚೂಟಿಯೇ.

ಮೇ ತಿಂಗಳಲ್ಲಿ ನನ್ನ ಗಡುವು ಮುಗಿಯುತ್ತಿತ್ತು. ದೊಡ್ಡ ಎಂಜಿನಿಯರು ಕರೆದು, ಇನ್ನೊಂದು ಹಂತಕ್ಕೂ ಇರ್ತೀರಾ, ಮಗು ಹೇಗಿದೆ ಅಂದರು. ನಿನ್ನ ಕಾಗದ ಜೇಬಿನಲ್ಲೇ ಇತ್ತು. "ಚೂಟಿ ಬಲು ಜಾಣೆ, ಹಟ ಇಲ್ಲ, ಅಳು ಇಲ್ಲ, ನೀನು ನಿಶ್ಚಿಂತೆಯಾಗಿರು." ಅದನ್ನೇ ಓದಿ ಹೇಳಿದೆ. ಹಾಗಾದರೆ ಏನು ತೊಂದರೆ ಅಂದರು. ನನಗೂ ಏನು ತೊಂದರೆ ಅನ್ನಿಸಿತು. ಸಹಿ ಹಾಕಿದೆ.

ಆ ವಾರ ಕಣಿವೆಗೆ ಇಳಿದಾಗ ಫೋನು ಮಾಡಿದ್ದೆನಲ್ಲ. ನೀನು ಅಂಗಡಿಯಲ್ಲಿದ್ದೆ, ಪಕ್ಕದ ಮನೆ ಅತ್ತೆ ಅವಳ ಕೈಗೆ ಕೊಟ್ಟರು. ಅವಳು ಯಾವಾಗ ಬರ್ತೀಯ ಅಂದಳು. ನಾನು ಏನಂದೆ ಗೊತ್ತಾ? "ನೀನು ಇಷ್ಟು ಜಾಣೆಯಾಗಿದೀಯಲ್ಲ ಕಂದ, ಅದಕ್ಕೇ ಅಮ್ಮನಿಗೆ ಇನ್ನೂ ಸ್ವಲ್ಪ ದಿನ ಇರೋಕೆ ಆಗುತ್ತೆ."

ಶಾಲೆ ತೆರೆದದ್ದು ಅದರ ಮುಂದಿನ ತಿಂಗಳು. ಕಚ್ಚಲು ಶುರು ಮಾಡಿದ್ದೂ ಆಗಲೇ.

ಅವಳ ತಲೆಯಲ್ಲಿರುವುದು ತಪ್ಪು ಯೋಚನೆಯಲ್ಲ ಅಪ್ಪ. ಅವಳು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು. ಸರಿಯಿದ್ದ ಯೋಚನೆಗೆ ಏನು ಚಿಕಿತ್ಸೆ ಇದೆ, ಕೇಳು.

ಮಗಳು


ಸೆಪ್ಟೆಂಬರ್ 21

ಮಗಳೇ,

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಅರ್ಧದಲ್ಲಿ ನನ್ನ ಕನ್ನಡಕ ಮಂಜಾಯಿತು, ಉಳಿದದ್ದನ್ನು ಅವರೇ ಓದಿಕೊಂಡರು. ಮುಗಿಸಿ, ಕಾಗದ ಮಡಚಿ ನನ್ನ ಕೈಗಿಟ್ಟು ಹೇಳಿದರು: "ಯೋಚನೆ ಸುಳ್ಳಾದರೆ ಯೋಚನೆ ತಿದ್ದಬೇಕು. ನಿಜವಾದರೆ ಮಗುವನ್ನ ಯಾಕೆ ತಿದ್ದೋಣ? ನಡೆದಿರೋದನ್ನ ತಿದ್ದೋಣ."

ಇಲ್ಲಿಯ ವರದಿ ಹೇಳುತ್ತೇನೆ. ಮೊದಲ ಪರೀಕ್ಷೆಯ ದಿನ ಚೂಟಿ ಶಾಲೆಯಿಂದ ಬಂದವಳು ಅಂಗಡಿಯ ಹೊರಗೇ ನಿಂತು ಒಳಗೆ ಬಗ್ಗಿ ನೋಡಿದಳು. "ತಾತ, ಇದೀಯಾ?"

"ಇಷ್ಟು ದಪ್ಪ ಇದೀನಿ, ಕಾಣಿಸ್ತಿಲ್ವೇ?"

"ನಾನ್ ಇವತ್ತು ಯಾರ್ನೂ ಕಚ್ಚಿಲ್ಲ."

"ಕಚ್ಚಿಲ್ಲ ಅಂದೆ, ಕೇಳಿಸ್ತು. ನಾನು ಇಲ್ಲೇ ಇರ್ತೀನಿ."

ನಂಬಲಿಲ್ಲ. ಮರುದಿನ ಬೇಕಂತಲೇ ಪೊರಕೆ ಎಸೆದಳು. ಆಗಲೂ ಇದ್ದೆ. ಅದರ ಮರುದಿನ ಎಸೆಯಲಿಲ್ಲ, ಆಗಲೂ ಇದ್ದೆ. ತಾಳೆ ನೋಡುವುದರಲ್ಲಿ ನನ್ನನ್ನೂ ಮೀರಿಸುತ್ತಾಳೆ ಹುಡುಗಿ. ನಾಲಿಗೆ ತುದಿಗೆ "ಜಾಣೆ" ಬಂದಾಗಲೆಲ್ಲ ಕೆಮ್ಮುತ್ತೇನೆ. ಅಕ್ಕಪಕ್ಕದ ಅಂಗಡಿಯವರು ಕೆಮ್ಮಿಗೆ ಔಷಧಿ ಹೇಳಲು ಶುರು ಮಾಡಿದ್ದಾರೆ.

ಈಗ ಚಪ್ಪಲಿ ಬಾಗಿಲಲ್ಲೇ ಇರುತ್ತೆ. ಶಾಲೆಯಲ್ಲಿ ಈ ತಿಂಗಳು ಕಚ್ಚಿಲ್ಲ, ಒಂದು ಸಲ ಕೆಂಪಿಗೆ ಏರಿ ಬೆಂಚಿನ ಕೆಳಗೆ ಆಮೆಯಾದಳಂತೆ. ಮುಖ್ಯೋಪಾಧ್ಯಾಯಿನಿ ಇರಲಿ ಅಂದಿದ್ದಾರೆ. ನನ್ನ ಮಟ್ಟಿಗೆ ಅವಳಿಗೆ ನಂಬಿಕೆ ಬಂದಿದೆ. ನಿನ್ನ ಹೆಸರು ಮಾತ್ರ ಎತ್ತುವುದಿಲ್ಲ.

ಮೇಡಂ ಹೇಳಿದರು, ಈಗ ನೀನು ಬರಬಹುದು. ಮುಂಚೆ ಅವಳಿಗೆ ಹೇಳಬೇಡ. ಅವಳು ಏನೂ ತಪ್ಪು ಮಾಡದ ದಿನ ಬಾ. ವಾಪಸ್ಸು ಹೋಗುವ ದಿನ, ಪೂರ್ತಿ ಬರುವ ದಿನ, ಎರಡನ್ನೂ ನಿಜ ಹೇಳು. ಅವಳ ನಡತೆಗೆ ಗಂಟು ಹಾಕಬೇಡ. ಬೇಡದ ಭರವಸೆ ಕೊಡಬೇಡ.

ಬೇಗ ಹೊರಡು. ನಂಗೆ ಈ ಕೆಮ್ಮು ಬಹಳ ದಿನ ಆಗಲ್ಲ.

ಅಪ್ಪ


ಅಕ್ಟೋಬರ್ 12

ಅಪ್ಪಾ,

ಬೆಟ್ಟಕ್ಕೆ ವಾಪಸ್ಸು ಕ್ಷೇಮವಾಗಿ ಬಂದು ಸೇರಿದೆ. ಅಲ್ಲಿ ಇದ್ದಷ್ಟು ದಿನವೂ ನೀನು ಕೇಳುತ್ತಲೇ ಇದ್ದೆ, ಈ ಸೆಕೆಯಲ್ಲಿ ಉದ್ದ ತೋಳಿನ ಅಂಗಿ ಯಾಕೆ ಅಂತ. ಬೆಟ್ಟದ ಚಳಿಯ ಅಭ್ಯಾಸ ಅಂದೆ. ಸುಳ್ಳು. ಮೊದಲು ನಿನಗೆ ಹೇಳಿದ್ದರೆ ಅಂಗಡಿ ಮುಚ್ಚಿ ಥೆರಪಿಸ್ಟ್ ಹತ್ತಿರ ಓಡುತ್ತಿದ್ದೆ. ಆಮೇಲೆ ನಾನೇ ಹೋಗಿ ಅವರಿಗೆ ತೋರಿಸಿದೆ. ಅವರು ತೋಳನ್ನು ನೋಡಿ, "ಅಬ್ಬಾ! ಪರೀಕ್ಷೆ ಅವಳೇ ಮಾಡಿಬಿಟ್ಟಳಲ್ಲ!" ಅಂದರು, ಆಮೇಲೆ ನಗು ತಡೆಯಲಾಗದೆ ಕೂತರು.

ಊರಿಗೆ ಬಂದ ದಿನ ನಾನು ಬಸ್ಸಿಳಿದು ನೇರ ಶಾಲೆಗೆ ಹೋಗಿದ್ದೆ. ಗೇಟಿನ ಹತ್ತಿರ ನಿಂತೆ. ಗಂಟೆ ಹೊಡೆಯಿತು, ಮಕ್ಕಳು ಸುರಿದ ಹಾಗೆ ಬಂದರು. ಚೂಟಿ ನನ್ನನ್ನು ಕಂಡಳು. ಓಡಿ ಬರುತ್ತಾಳೆ ಅಂದುಕೊಂಡು ಕೈ ಚಾಚಿದ್ದೆ. ಬರಲಿಲ್ಲ ಅಪ್ಪ. ನಿಂತಲ್ಲೇ ನಿಂತಳು. ಗೇಟಿನ ಕಂಬಿ ಹಿಡಿದುಕೊಂಡು ಕೂಗಿದಳು:

"ನಾನೇನೂ ಮಾಡಿಲ್ಲ!"

ನಾನು ಒಂದು ಹೆಜ್ಜೆ ಮುಂದಿಟ್ಟೆ. ಇನ್ನೂ ಜೋರಾಗಿ ಕೂಗಿದಳು, "ನಾನ್ ಯಾರ್ನೂ ಕಚ್ಚಿಲ್ಲ, ಬೇಕಾದ್ರೆ ಟೀಚರ್‌ನ ಕೇಳು! ಯಾಕ್ ಬಂದೆ?"

"ನಿನ್ನ ನೋಡೋಕೆ."

"ನಾನ್ ಏನೂ ಮಾಡ್ದೇನೇ?"

"ಏನೂ ಮಾಡ್ದೇನೇ."

ಹತ್ತಿರ ಬಂದಳು, ಕೈಗೆ ಸಿಗದಷ್ಟು ದೂರದಲ್ಲಿ ನಿಂತಳು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಎಲ್ಲ ಹೇಳಿದೆ. ಭಾನುವಾರ ಹೋಗುತ್ತೇನೆ ಅಂದೆ. ಈ ಹಂತ ಮುಗಿದ ಮೇಲೆ ಇನ್ನು ಸಹಿ ಹಾಕುವುದಿಲ್ಲ, ಮಾರ್ಚ್ ಮೊದಲನೇ ದಿನ ಪೂರ್ತಿ ಬಂದುಬಿಡುತ್ತೇನೆ ಅಂದೆ. ಹೋಗೋದು ಕೆಲಸಕ್ಕೆ, ನೀನು ಜಾಣೆ ಅಂತ ಅಲ್ಲ, ನಾನು ಫೋನಿನಲ್ಲಿ ಹೇಳಿದ್ದು ತಪ್ಪು ಅಂದೆ. ನಿನ್ನ ಹಾಗೆಯೇ ಹುಬ್ಬು ಗಂಟು ಹಾಕಿಕೊಂಡು ಕೇಳಿದಳು.

"ಕಚ್ಚದೇ ಇದ್ರೆ ಯಾವಾಗ ಬರ್ತೀಯ?"

"ಮಾರ್ಚ್ ಮೊದಲನೇ ದಿನ."

"ಕಚ್ಚಿದ್ರೆ?"

"ಮಾರ್ಚ್ ಮೊದಲನೇ ದಿನ."

ಸ್ವಲ್ಪ ಯೋಚಿಸಿದಳು. ನನ್ನ ಕೈ ಎಳೆದುಕೊಂಡು, ಅಂಗಿಯ ತೋಳು ಮೇಲಕ್ಕೆ ಸರಿಸಿ, ಕಚ್ಚಿದಳು. ಆಟಕ್ಕಲ್ಲ ಅಪ್ಪ. ಕಣ್ಣು ಮುಚ್ಚಿ, ಇರುವ ಶಕ್ತಿಯೆಲ್ಲ ಹಾಕಿ. ಕಾವಲುಗಾರ "ಏಯ್ ಏಯ್" ಅಂತ ಓಡಿ ಬಂದ, ಬೇಡ ಅಂತ ಕೈ ಸನ್ನೆ ಮಾಡಿದೆ. ನೋವಿಗೆ ನನ್ನ ಕಣ್ಣಲ್ಲಿ ನೀರು ಇಳಿಯಿತು, ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಬಿಟ್ಟು, ತಲೆಯೆತ್ತಿ ನನ್ನ ಮುಖ ನೋಡಿದಳು. ಅಂಥ ಹೆದರಿಕೆಯನ್ನು ನಾನು ಯಾವ ಕಣ್ಣಲ್ಲೂ ಕಂಡಿಲ್ಲ.

"ಈಗ?" ಅಂದಳು.

"ಕಚ್ಚಿದ್ರೆ ನೋವಾಗುತ್ತೆ, ಯಾರನ್ನೂ ಕಚ್ಚಬಾರದು" ಅಂದೆ. "ಬರೋದು ಅದೇ ದಿನ."

ಮಗಳು